ಅಜ್ಜನ ಮೂರು ಇಂಕ್ ಪೆನ್ನುಗಳು ಮತ್ತೆ ಬರೆಯಬೇಕೆಂದರೆ

ಪ್ರಶ್ನೆ: ನಮ್ಮ ಅಜ್ಜ ಹಾಸನದಲ್ಲಿ ವಕೀಲರಾಗಿದ್ದರು. ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಮೂರು ಪೆನ್ನು ಸಿಕ್ಕವು. ಒಂದು ಮರೂನ್ ಬಣ್ಣದ ಪಾರ್ಕರ್ 51, ಸ್ಟೀಲ್ ಕ್ಯಾಪಿನದು. ಇನ್ನೊಂದು ಪಟ್ಟೆಪಟ್ಟೆಯ ಶೇಫರ್. ಕ್ಯಾಪಿನ ಮೇಲೆ ಬಿಳಿ ಚುಕ್ಕೆ, ಪಕ್ಕದಲ್ಲಿ ಎತ್ತುವಂಥ ಸಣ್ಣ ಕಡ್ಡಿ. ಮೂರನೆಯದು ಡ್ರಾಪರ್‌ನಲ್ಲಿ ಮಸಿ ತುಂಬುವ ದಪ್ಪ ಕಪ್ಪು ಪೆನ್ನು. ಹೆಸರು ಅಳಿಸಿಹೋಗಿದೆ, ಮೈ ಕಂದು ಬಣ್ಣಕ್ಕೆ ತಿರುಗಿದೆ. ಮೂರರಲ್ಲೂ ಮಸಿ ಒಣಗಿ ಗಟ್ಟಿಯಾಗಿದೆ. ಒಬ್ಬರು ರಾತ್ರಿಯಿಡೀ ಬಿಸಿನೀರಲ್ಲಿ ನೆನೆಹಾಕಿ ಅನ್ನುತ್ತಾರೆ, ಇನ್ನೊಬ್ಬರು ಸ್ಪಿರಿಟ್‌ನಲ್ಲಿ ತೊಳೆಯಿರಿ ಅನ್ನುತ್ತಾರೆ. ನಾನೇ ಮಾಡಿಕೊಳ್ಳಬಹುದೇ? ರಿಪೇರಿಗೆ ಕೊಡಬೇಕೇ? ಹೊಳಪು ಬರಿಸುವುದು ಹೇಗೆ?

ಉತ್ತರ: ಮೊದಲು ಆ ಎರಡೂ ಸಲಹೆಗಳನ್ನು ಬದಿಗಿಡಿ. ನಿಮ್ಮ ಕೈಲಿರುವುದು ಮೂರು ಬೇರೆಬೇರೆ ವಸ್ತುಗಳಿಂದ ಮಾಡಿದ ಮೂರು ಪೆನ್ನು. ಪಾರ್ಕರ್ 51ರ ಮೈ ಲ್ಯೂಸೈಟ್ ಎಂಬ ಅಕ್ರಿಲಿಕ್. ಸ್ಪಿರಿಟ್ ತಾಗಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಪಟ್ಟೆಯ ಶೇಫರ್ ಸೆಲ್ಯುಲಾಯ್ಡ್. ಸ್ಪಿರಿಟ್‌ಗೆ ಅದು ಕರಗತೊಡಗುತ್ತದೆ, ಬಿಸಿನೀರಿಗೆ ಸೊಟ್ಟಗಾಗುತ್ತದೆ, ಬೆಂಕಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕಪ್ಪು ಪೆನ್ನು ಬಹುಪಾಲು ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬಿಸಿನೀರಲ್ಲಿ ನೆನೆಸಿದರೆ ಈಗಿರುವ ಕಂದು ಇನ್ನಷ್ಟು ಏರಿ ಮೈ ಮಂಕಾಗುತ್ತದೆ. ಹೀಗಾಗಿ ಯಾವುದು ಯಾವುದರಿಂದ ಮಾಡಿದ್ದು ಎಂದು ಖಚಿತವಾಗುವ ತನಕ ಕೋಣೆಯ ಉಷ್ಣತೆಯ ನೀರು ಬಿಟ್ಟು ಬೇರೇನೂ ಬೇಡ. ಗುರುತಿಸುವುದು ಕಷ್ಟವಲ್ಲ. ಎಬೊನೈಟನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಗಿಗೆ ಹಿಡಿದರೆ ಸುಟ್ಟ ರಬ್ಬರಿನ, ಗಂಧಕದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ಉಜ್ಜಿದರೆ ಕರ್ಪೂರದ ವಾಸನೆ, ಯಾಕೆಂದರೆ ಅದನ್ನು ಮೆದುಗೊಳಿಸಲು ಬೆರೆಸುತ್ತಿದ್ದುದೇ ಕರ್ಪೂರ. ಬೆಂಕಿಕಡ್ಡಿ ಹಚ್ಚಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಕೆಲಸಕ್ಕೆ ಇಳಿಯುವ ಮೊದಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹಳೆಯ ಪೆನ್ನಿಗೆ ನೀವು ಮಾಡುವ ಯಾವುದೇ ರಿಪೇರಿಯನ್ನು ಮುಂದೊಂದು ದಿನ ಇನ್ನೊಬ್ಬರು ಬಿಚ್ಚುವಂತಿರಬೇಕು. ರಬ್ಬರು ಮತ್ತೆ ಹೋಗುತ್ತದೆ, ಮಸಿ ಮತ್ತೆ ಕಟ್ಟುತ್ತದೆ, ಬಿಚ್ಚಲೇಬೇಕಾಗುತ್ತದೆ. ಕಾರ್ಖಾನೆಗಳು ಪೆನ್ನಿನ ಕೀಲುಗಳಿಗೆ ಅರಗು, ಅಂದರೆ ಶೆಲ್ಯಾಕ್ ಹಚ್ಚುತ್ತಿದ್ದುದು ಇದೇ ಕಾರಣಕ್ಕೆ. ಅದು ಮಸಿಗೆ ಕರಗುವುದಿಲ್ಲ, ಸ್ವಲ್ಪ ಬಿಸಿ ಕೊಟ್ಟರೆ ಸಡಿಲವಾಗುತ್ತದೆ. ಫೆವಿಕ್ವಿಕ್, ಎಂ-ಸೀಲ್ ಇವೆರಡನ್ನೂ ಪೆನ್ನಿನ ಹತ್ತಿರ ತರಲೇಬೇಡಿ. ನನ್ನ ಮೇಜಿಗೆ ಬರುವ ಪೆನ್ನುಗಳಲ್ಲಿ ಉಳಿಸಲು ಆಗದೇ ಹೋಗುವವು ಹೆಚ್ಚಾಗಿ ವಯಸ್ಸಾಗಿ ಕೆಟ್ಟವಲ್ಲ, ಹಿಂದೆ ಯಾರೋ ಅಂಟು ಹಾಕಿ ಕೂರಿಸಿದವು.

ಮೂರರಲ್ಲಿ ನೀವೇ ಧೈರ್ಯವಾಗಿ ಕೈ ಹಾಕಬಹುದಾದ್ದು ಪಾರ್ಕರ್ 51. ಅಲ್ಲಿಂದಲೇ ಶುರು ಮಾಡೋಣ.

1941ರಲ್ಲಿ ಮಾರುಕಟ್ಟೆಗೆ ಬಂದು 1972ರ ತನಕ ತಯಾರಾದ ಈ ಪೆನ್ನಿನಲ್ಲಿ ಎರಡು ಬಗೆ. 1948ರವರೆಗಿನದು ವ್ಯಾಕ್ಯುಮ್ಯಾಟಿಕ್: ಪೆನ್ನಿನ ಬಾಲದಲ್ಲಿ ಒಂದು ಸಣ್ಣ ಮುಚ್ಚಳ, ಅದನ್ನು ತಿರುಗಿಸಿ ತೆಗೆದರೆ ಒತ್ತುವ ಕಡ್ಡಿ ಸಿಗುತ್ತದೆ. 1948ರಿಂದ ಬಂದದ್ದು ಏರೋಮೆಟ್ರಿಕ್: ಬಾಲದಲ್ಲಿ ಮುಚ್ಚಳವಿಲ್ಲ, ಬ್ಯಾರಲ್ಲನ್ನೇ, ಅಂದರೆ ಪೆನ್ನಿನ ಹಿಂಬದಿಯ ಉದ್ದ ಕೊಳವೆಯನ್ನೇ, ತಿರುಗಿಸಿ ಕಳಚಿದರೆ ಒಳಗೆ ಲೋಹದ ಕವಚ, ಅದರ ಪಕ್ಕದಲ್ಲಿ ಒತ್ತುವ ಪಟ್ಟಿ. ವ್ಯಾಕ್ಯುಮ್ಯಾಟಿಕ್ ಆಗಿದ್ದರೆ ಒಳಗಿನ ರಬ್ಬರ್ ಪೊರೆ ಈ ಹೊತ್ತಿಗೆ ಖಂಡಿತ ಹೋಗಿರುತ್ತದೆ. ಅದನ್ನು ಬದಲಿಸಲು ಬೇರೆಯೇ ಉಪಕರಣ ಬೇಕು. ನೇರವಾಗಿ ತಿಳಿದವರಿಗೆ ಕೊಡಿ. ಏರೋಮೆಟ್ರಿಕ್ ಆಗಿದ್ದರೆ ಸಂತೋಷಪಡಿ. ಅದರ ಚೀಲ ರಬ್ಬರಿನದಲ್ಲ, ಪ್ಲೈ-ಗ್ಲಾಸ್ ಎಂದು ಪಾರ್ಕರ್ ಹೆಸರಿಟ್ಟ ಒಂದು ಬಗೆಯ ಪ್ಲಾಸ್ಟಿಕ್. ಎಪ್ಪತ್ತು ವರ್ಷ ದಾಟಿದರೂ ಬಹುತೇಕ ಪೆನ್ನುಗಳಲ್ಲಿ ಅದು ಹಾಗೇ ಇರುತ್ತದೆ. ಕಪ್ಪಗೆ ಕಂಡಿತೆಂದು ಬದಲಿಸಲು ಯಾರಾದರೂ ಹೊರಟರೆ ತಡೆಯಿರಿ. ಒಳಗೆ ಮೆತ್ತಿಕೊಂಡಿರುವುದು ಮಸಿ ಅಷ್ಟೇ, ತೊಳೆದರೆ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ.

51ರಲ್ಲಿ ನಿಬ್ಬು ಒಂದು ಮುಸುಕಿನೊಳಗೆ ಅಡಗಿರುತ್ತದೆ. ಆ ಮುಸುಕಿನೊಳಗೆ, ನಿಬ್ಬಿನ ಹಿಂದೆ, ಕಲೆಕ್ಟರ್ ಎಂಬ ಭಾಗವಿದೆ: ತೆಳ್ಳನೆಯ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಂಥ ರಚನೆ. ಬಿಲ್ಲೆಗಳ ನಡುವಿನ ಸಂದುಗಳಲ್ಲಿ ಮಸಿ ಹಿಡಿದುಕೊಂಡಿರುತ್ತದೆ, ಹೆಚ್ಚಾದ ಮಸಿ ಕಾಗದಕ್ಕೆ ಸೋರದೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಅಜ್ಜನ ಮಸಿ ಗಟ್ಟಿಯಾಗಿ ಕೂತಿರುವುದು ಅಲ್ಲಿ. ಬ್ರಶ್ಶು, ಪಿನ್ನು ಯಾವುದೂ ಆ ಸಂದಿಗೆ ತಲುಪುವುದಿಲ್ಲ. ತಲುಪುವುದು ನೀರು ಮಾತ್ರ, ಅದಕ್ಕೆ ಸಮಯ ಕೊಡಬೇಕು.

ಬ್ಯಾರಲ್ ಕಳಚಿಡಿ. ಗಾಜಿನ ಲೋಟದಲ್ಲಿ ಎರಡು ಬೆರಳಷ್ಟು ನೀರು ಹಾಕಿ ನಿಬ್ಬು ಮುಳುಗುವಂತೆ ಪೆನ್ನನ್ನು ನಿಲ್ಲಿಸಿ. ಬೋರ್‌ವೆಲ್ ನೀರು ಬೇಡ, ಅದರ ಲವಣ ಆ ಸಂದುಗಳಲ್ಲೇ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಳ್ಳಿ, ಮೂರು ಪೆನ್ನಿಗೂ ಆಗುತ್ತದೆ. ಮೊದಲ ಒಂದು ಗಂಟೆ ಏನೂ ಆಗದಿರಬಹುದು. ಆಮೇಲೆ ನಿಬ್ಬಿನ ತುದಿಯಿಂದ ನೀಲಿಯ ಒಂದು ಎಳೆ ಬಿಟ್ಟುಕೊಂಡು ಲೋಟದ ತಳಕ್ಕೆ ಇಳಿಯತೊಡಗುತ್ತದೆ. ಅಜ್ಜ ಬಳಸಿದ್ದು ಪರ್ಮನೆಂಟ್ ಬ್ಲೂ-ಬ್ಲ್ಯಾಕ್ ಆಗಿದ್ದರೆ ಎಳೆ ಬೂದುಗಪ್ಪಾಗಿರುತ್ತದೆ, ಬರುವುದೂ ನಿಧಾನ. ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ, ಪ್ರತಿಸಲವೂ ಪಟ್ಟಿಯನ್ನು ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ನಿಬ್ಬಿನ ಬುಡದಲ್ಲಿ ಗುಳ್ಳೆ ಬಂದರೆ ದಾರಿ ತೆರೆದಿದೆ ಎಂದರ್ಥ. ಗುಳ್ಳೆ ಬರಲೇ ಇಲ್ಲವೆಂದರೆ ಜೋರು ಮಾಡಬೇಡಿ, ಇನ್ನೊಂದು ರಾತ್ರಿ ನೆನೆಯಲಿ. ನಾಲ್ಕೈದು ದಿನ ಹಿಡಿಯುವುದು ಮಾಮೂಲು, ಎರಡು ವಾರ ಹಿಡಿದವೂ ಇವೆ.

ನೀರು ತಿಳಿಯಾಗಿ ಬರತೊಡಗಿದ ಮೇಲೆ ನಿಬ್ಬನ್ನು ಕೆಳಮುಖವಾಗಿಸಿ, ಮಡಿಸಿದ ಟಿಶ್ಯೂ ಪೇಪರಿಗೆ ತಾಗಿಸಿ, ಲೋಟದಲ್ಲಿ ಒಂದು ರಾತ್ರಿ ಬಿಡಿ. ಕಲೆಕ್ಟರಿನೊಳಗೆ ಉಳಿದದ್ದನ್ನು ಕಾಗದ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಕಾಗದದ ಮೇಲೆ ಇನ್ನೂ ಗಾಢ ನೀಲಿ ಕಂಡರೆ ಕೆಲಸ ಮುಗಿದಿಲ್ಲ, ಮತ್ತೆ ನೀರಿಗೆ.

ಬರೀ ನೀರಿಗೆ ಜಗ್ಗದ ಮಸಿಗೆ ಅಮೋನಿಯಾ ಉಂಟು. ಆದರೆ ಕೆಮಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಅಮೋನಿಯಾ ಶೇ. 25ರ ಆಸುಪಾಸಿನ ಕಡು ದ್ರಾವಣ. ಒಂದು ಭಾಗಕ್ಕೆ 30 ಭಾಗ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಕಿಟಕಿ ತೆರೆದಿಟ್ಟು ಬಳಸಿ. ಅರ್ಧ ಗಂಟೆಗಿಂತ ಹೆಚ್ಚು ನೆನೆಸಬೇಡಿ, ತಾಮ್ರ ಬೆರೆತ ಲೋಹಗಳನ್ನು ಅದು ತಿನ್ನುತ್ತದೆ. ಆಮೇಲೆ ಚೆನ್ನಾಗಿ ನೀರಿನಿಂದ ತೊಳೆಯಿರಿ. ಬ್ಲೀಚಿಂಗ್ ದ್ರಾವಣದ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ನಿಬ್ಬಿನ ಮುಸುಕನ್ನು ಬಿಚ್ಚಬಹುದೇ ಎಂದು ನೀವು ಕೇಳುವ ಮುನ್ನವೇ ಹೇಳುತ್ತೇನೆ: ಬೇಡ. ಅದು ತಿರುಪಿನ ಮೇಲೆ ಅರಗು ಹಚ್ಚಿ ಕೂರಿಸಿದ್ದು. ಬಿಸಿ ಹೆಚ್ಚಾದರೆ ಲ್ಯೂಸೈಟ್ ಸೊಟ್ಟಗಾಗುತ್ತದೆ, ಕಮ್ಮಿಯಾದರೆ ಸೀಳುತ್ತದೆ. ಬಿಚ್ಚಿದರೂ ಮುಸುಕಿನ ಮೂತಿಯನ್ನು ನಿಬ್ಬಿನ ನೇರಕ್ಕೆ ತಂದು ನಿಲ್ಲಿಸುವುದು ಅಭ್ಯಾಸವಿರುವ ಕೈಗೂ ಸುಲಭವಲ್ಲ. ಎರಡು ವಾರ ತೊಳೆದ ಮೇಲೂ ಪೆನ್ನು ಹೀರುತ್ತಿಲ್ಲ ಅಂದರೆ, ಚೀಲದೊಳಗಿನ ಗಾಳಿ ಕೊಳವೆ ಮುರಿದಿರಬಹುದು ಅಥವಾ ಕಟ್ಟಿಕೊಂಡಿರಬಹುದು. ಆಗ ಮಾತ್ರ ಬಿಚ್ಚುವ ಕೆಲಸ, ಅದೂ ತಿಳಿದವರ ಕೈಯಲ್ಲಿ.

ಇನ್ನು ಶೇಫರ್. ಬಿಳಿ ಚುಕ್ಕೆ, ಪಟ್ಟೆ, ಎರಡೂ ತುದಿ ಮೊನಚಾದ ಆಕಾರ ಇದ್ದರೆ ಅದು 1930ರ ದಶಕದ ಬ್ಯಾಲೆನ್ಸ್ ಮಾದರಿ. ಈ ಆಕಾರ ಬಂದದ್ದು 1929ರಲ್ಲಿ. ಬಿಳಿ ಚುಕ್ಕೆ ಅಂದಿನ ದಿನಗಳಲ್ಲಿ ಜೀವಮಾನದ ಗ್ಯಾರಂಟಿಯ ಗುರುತು. ಒಳ್ಳೆಯ ಪೆನ್ನು, ಮೂರರಲ್ಲಿ ನನಗೆ ತೀರಾ ಇಷ್ಟವಾದದ್ದು. ದಯವಿಟ್ಟು ಆ ಕಡ್ಡಿಯನ್ನು ಎತ್ತಲು ಹೋಗಬೇಡಿ. ಲಿವರ್ ಪೆನ್ನು ಕೈಗೆ ಸಿಕ್ಕವರೆಲ್ಲ ಮೊದಲು ಮಾಡುವುದೇ ಅದು. ಒಳಗಿನ ರಬ್ಬರ್ ಚೀಲ ಒಣಗಿ ಗಟ್ಟಿಯಾಗಿರುತ್ತದೆ. ಕಡ್ಡಿ ಎತ್ತಿದಾಗ ಅದು ಜಗ್ಗದೆ, ಕಡ್ಡಿಯ ಕೀಲೇ ಕಿತ್ತುಬರುತ್ತದೆ, ಜೊತೆಗೆ ಸೆಲ್ಯುಲಾಯ್ಡೂ ಸೀಳುತ್ತದೆ. ಚೀಲ ಬದಲಿಸಿದ ಮೇಲೆ ಕಡ್ಡಿ ತಾನಾಗಿ ಸಲೀಸಾಗಿ ಏಳುತ್ತದೆ.

ಚೀಲ ಬದಲಿಸುವುದು ಕೈ ಕುದುರಿದವರಿಗೆ ಅರ್ಧ ಗಂಟೆಯ ಕೆಲಸ. ನೀವು ಕಲಿಯಬಹುದು, ಆದರೆ ಅಜ್ಜನ ಪೆನ್ನಿನ ಮೇಲೆ ಕಲಿಯಬೇಡಿ. ಬೆಲೆಯಿಲ್ಲದ ಒಂದು ಹಳೆಯ ಲಿವರ್ ಪೆನ್ನು ತಂದು ಅದರ ಮೇಲೆ ಮಾಡಿನೋಡಿ. ಈ ಶೇಫರ್‌ಗಳಲ್ಲಿ ನಾವು ಬೆರಳಿಟ್ಟು ಹಿಡಿಯುವ ಭಾಗಕ್ಕೆ, ಅಂದರೆ ಸೆಕ್ಷನ್ನಿಗೆ, ತಿರುಪಿಲ್ಲ. ಬ್ಯಾರಲ್ಲಿನೊಳಗೆ ಬಿಗಿಯಾಗಿ ತುರುಕಿರುತ್ತಾರೆ. ತಿರುಪಿದೆಯೆಂದು ಭಾವಿಸಿ ಒಂದೇ ದಿಕ್ಕಿಗೆ ಜೋರಾಗಿ ತಿರುಚಿ ಬ್ಯಾರಲ್ ಒಡೆದವರು ಬಹಳ. ಹೇರ್ ಡ್ರೈಯರ್ ದೂರದಿಂದ ಹಿಡಿದು, ಪೆನ್ನನ್ನು ಸುತ್ತಿಸುತ್ತ, ಕೀಲಿನ ಜಾಗ ಬೆರಳಿಗೆ ಬಿಸಿ ತಾಗುವಷ್ಟು, ಆದರೆ ಹಿಡಿದುಕೊಳ್ಳಲು ಆಗುವಷ್ಟು ಮಾತ್ರ ಕಾಯಿಸಬೇಕು. ಸೈಕಲ್ ಟ್ಯೂಬಿನ ಎರಡು ತುಂಡುಗಳಿಂದ ಎರಡೂ ಕಡೆ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪಸ್ವಲ್ಪವೇ ಆಡಿಸುತ್ತ ಎಳೆಯಬೇಕು. ಬರದಿದ್ದರೆ ತಣಿಯಲು ಬಿಟ್ಟು, ಮತ್ತೆ ಕಾಯಿಸಬೇಕು. ಹತ್ತು ಸಲ ಕಾಯಿಸಬೇಕಾಗಿ ಬಂದರೂ ತಪ್ಪಿಲ್ಲ.

ಸೆಕ್ಷನ್ ಹೊರಬಂದಾಗ ಹಳೆಯ ಚೀಲ ಹಪ್ಪಳದ ಚೂರಿನ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಕೆಲವು ಪೆನ್ನುಗಳಲ್ಲಿ ಅಂಟಂಟಾಗಿ ಬ್ಯಾರಲ್ಲಿಗೆ ಮೆತ್ತಿಕೊಂಡಿರುವುದೂ ಉಂಟು. ಮೊಂಡು ಬಿದಿರುಕಡ್ಡಿಯಿಂದ ಬಿಡಿಸಿ ತೆಗೆಯಬೇಕು. ಒಂದು ಚೂರೂ ಒಳಗೆ ಉಳಿಯಬಾರದು. ಸೆಕ್ಷನ್ನಿನ ಹಿಂಬದಿಯ ತೊಟ್ಟಿನ ಮೇಲಿರುವ ಹಳೆಯ ಅರಗನ್ನೂ ಉಗುರಿನಿಂದ ಕೆರೆದು ನುಣುಪು ಮಾಡಬೇಕು. ಹೊಸ ಚೀಲಗಳ ನಂಬರು ಇಂಚಿನ 64ನೇ ಭಾಗದ ಲೆಕ್ಕ: 16ನೇ ನಂಬರ್ ಅಂದರೆ ಕಾಲು ಇಂಚು ಅಗಲ. ಚೀಲ ಬ್ಯಾರಲ್ಲಿನೊಳಗೆ ಎಲ್ಲೂ ಉಜ್ಜದೆ ಜಾರಿಹೋಗಬೇಕು, ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಜಾಗ ಉಳಿಯಬೇಕು. ಮಸಿ ಜಾಸ್ತಿ ಹಿಡಿಯಲಿ ಎಂಬ ಆಸೆಗೆ ದೊಡ್ಡ ಚೀಲ ಹಾಕಿದರೆ, ಕಡ್ಡಿ ಎತ್ತಿದಾಗ ಚೀಲವನ್ನು ಒತ್ತುವ ಒಳಗಿನ ಪಟ್ಟಿ ಅದನ್ನು ಪೂರ್ತಿ ಒತ್ತಲಾರದೆ ಮಸಿ ಇನ್ನೂ ಕಮ್ಮಿಯೇ ಹಿಡಿಯುತ್ತದೆ.

ತೊಟ್ಟಿಗೆ ತೆಳ್ಳಗೆ ಅರಗು ಹಚ್ಚಿ ಚೀಲ ಏರಿಸಿ, ಒಂದು ರಾತ್ರಿ ಒಣಗಲು ಬಿಡಬೇಕು. ಬಡಗಿಗಳು ಪಾಲಿಶ್‌ಗೆ ಕೊಳ್ಳುವ ಅರಗಿನ ಚಕ್ಕೆಯೇ ಸಾಕು. ಸ್ಪಿರಿಟ್‌ನಲ್ಲಿ ಕರಗಿಸಿ ಜೇನಿನ ಹದಕ್ಕೆ ತಂದುಕೊಳ್ಳಿ. ಸ್ಪಿರಿಟ್‌ನ ಕೆಲಸ ಈ ಬಾಟಲಿಯೊಳಗೆ ಮಾತ್ರ. ಪೆನ್ನಿನ ಮೈಗೆ ಹನಿಯೂ ಸಿಡಿಯಬಾರದು. ಚೀಲದ ಹೊರಮೈಗೆ ಸುವಾಸನೆ ಬೆರೆಸದ ಟಾಲ್ಕ್ ಪುಡಿ ಸವರಿದರೆ ಬ್ಯಾರಲ್ಲಿಗೆ ಅಂಟಿಕೊಳ್ಳುವುದಿಲ್ಲ. ಸೆಕ್ಷನ್ನನ್ನು ಮರಳಿ ತುರುಕುವಾಗ ಅಂಟು ಏನೂ ಬೇಡ.

ಕಪ್ಪು ಡ್ರಾಪರ್ ಪೆನ್ನಿಗೆ ಬರೋಣ. ಹೆಸರು ಅಳಿಸಿರುವುದರಿಂದ ಯಾರದೆಂದು ಹೇಳಲಾರೆ. ಎಬೊನೈಟ್ ಪೆನ್ನನ್ನು ಕೈಯಿಂದ ಕಡೆಯುವ ಕಸುಬು 1930ರ ದಶಕದಿಂದ ರಾಜಮಂಡ್ರಿಯಲ್ಲಿ ನಡೆದುಬಂದಿದೆ. ಅಲ್ಲಿನ ರತ್ನಂ ಪೆನ್ನು ಸ್ವದೇಶಿ ಚಳವಳಿಯ ಕಾಲದಲ್ಲಿ ಗಾಂಧೀಜಿಯವರ ಕೈ ಸೇರಿದ್ದು. ನಮ್ಮ ಕಡೆಯ ವಕೀಲರು, ಮೇಷ್ಟ್ರುಗಳ ಕೈಲೂ ಇಂಥ ಪೆನ್ನುಗಳು ಓಡಾಡುತ್ತಿದ್ದವು. ಇದರಲ್ಲಿ ಕೆಡುವಂಥ ಯಂತ್ರವೇ ಇಲ್ಲ: ಬ್ಯಾರಲ್ಲೇ ಮಸಿಯ ಬುಡ್ಡಿ, ಅದರ ಬಾಯಿಗೆ ತಿರುಪಿನ ಸೆಕ್ಷನ್, ಅದರಲ್ಲಿ ನಿಬ್ಬು, ನಿಬ್ಬಿನ ಕೆಳಗೆ ನಾಲಿಗೆ. ಸೆಕ್ಷನ್ ಬಿಚ್ಚಲು ಬರದಿದ್ದರೆ ಅದು ಒಣಮಸಿಯ ಹಿಡಿತ. ಸೆಕ್ಷನ್ ಮುಳುಗುವಷ್ಟು ತಣ್ಣೀರಲ್ಲಿ ಒಂದೆರಡು ಗಂಟೆ ಇಟ್ಟು ನೋಡಿ.

ಇಂಥ ಪೆನ್ನು ಜೇಬಿಗೆ ಮಸಿ ಕಾರುತ್ತದೆ ಎಂಬ ದೂರು ಹಳೆಯದು. ಅದಕ್ಕೆ ಎರಡು ಕಾರಣ. ತಿರುಪಿನ ಸಂದಿನಿಂದ ಒಸರುತ್ತಿದ್ದರೆ ಸುತ್ತುಗಳಿಗೆ ಶುದ್ಧ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ ಬಿಗಿ ಮಾಡಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಎಣ್ಣೆ ರಬ್ಬರಿಗೆ ಆಗದು. ನಿಬ್ಬಿನಿಂದಲೇ ತೊಟಕ್ಕೆಂದು ಹನಿ ಬೀಳುತ್ತಿದ್ದರೆ ಕಾರಣ ಬೇರೆ: ಮಸಿ ಕಮ್ಮಿಯಾದಂತೆ ಬ್ಯಾರಲ್ಲಿನಲ್ಲಿ ಗಾಳಿ ತುಂಬಿರುತ್ತದೆ, ಕೈಯ ಶಾಖಕ್ಕೆ ಆ ಗಾಳಿ ಹಿಗ್ಗಿ ಮಸಿಯನ್ನು ತಳ್ಳುತ್ತದೆ. ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುವ ಮುನ್ನ ಮಸಿ ತುಂಬಿಸಿಕೊಂಡರೆ ಈ ಕಾಟ ಬಹುಮಟ್ಟಿಗೆ ಇರದು.

ನಾಲಿಗೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರಲ್ಲಿ ಕೊರೆದ ಸಪೂರ ಗೆರೆಗಳಲ್ಲಿ ಮಸಿ ಮುಂದಕ್ಕೂ ಗಾಳಿ ಹಿಂದಕ್ಕೂ ಸಾಗಬೇಕು. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. ನಿಬ್ಬಿಗೂ ನಾಲಿಗೆಗೂ ನಡುವೆ ಸಂದು ಬಿದ್ದರೆ ಮಸಿಯ ದಾರಿ ಅಲ್ಲೇ ಕಡಿಯುತ್ತದೆ, ನಾಲ್ಕಕ್ಷರ ಬರೆದು ಪೆನ್ನು ನಿಂತುಬಿಡುತ್ತದೆ. ನಾಲಿಗೆಯೂ ಎಬೊನೈಟ್ ಆದ್ದರಿಂದ ಇದಕ್ಕೆ ಪರಿಹಾರ ಬಿಸಿಯಲ್ಲಿದೆ. ನಿಬ್ಬು, ನಾಲಿಗೆ ಎರಡನ್ನೂ ಸೆಕ್ಷನ್ನಿನಿಂದ ಹೊರತೆಗೆದು, ನಾಲಿಗೆಯನ್ನಷ್ಟೇ ಕುದಿಯುವುದಕ್ಕೆ ತುಸು ಮುಂಚಿನ ನೀರಲ್ಲಿ ಅರ್ಧ ನಿಮಿಷ ಅದ್ದಿ, ತಕ್ಷಣ ನಿಬ್ಬಿಗೆ ಒತ್ತಿಹಿಡಿದು ತಣ್ಣೀರಿಗೆ ಹಾಕಿದರೆ ಅದು ನಿಬ್ಬಿನ ಬಾಗಿಗೆ ಹೊಂದಿಕೊಂಡು ನಿಲ್ಲುತ್ತದೆ. ಎಬೊನೈಟಿಗೆ ಬಿಸಿನೀರು ಬೇಡ ಎಂದದ್ದು ಹೊರಗೆ ಕಾಣುವ ಮೈಗೆ; ನಾಲಿಗೆಯ ಬಣ್ಣ ಸ್ವಲ್ಪ ಮಾಸಿದರೆ ನಷ್ಟವಿಲ್ಲ. ಈ ಉಪಾಯವನ್ನು ಶೇಫರ್ ಮೇಲೆ ಪ್ರಯೋಗಿಸಬೇಡಿ, ಅದರ ನಿಬ್ಬನ್ನು ಅಲುಗಾಡಿಸದಿರುವುದೇ ಕ್ಷೇಮ.

ಮೂರೂ ಪೆನ್ನು ತೊಳೆದಾದ ಮೇಲೆ ನಿಬ್ಬಿನ ತುದಿಯನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ; ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಸೀಳಿನ ಎರಡು ಕವಲುಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗಿದ್ದರೆ ಕಾಗದ ಕೆರೆಯುತ್ತದೆ. ಕೆಳಗಿರುವುದನ್ನು ಉಗುರಿನಿಂದ ತೀರಾ ಮೆಲ್ಲಗೆ ಮೇಲಕ್ಕೆ ಒತ್ತಿ, ಬಿಟ್ಟು, ಮತ್ತೆ ನೋಡಿ. ಚಿನ್ನದ ನಿಬ್ಬು ಮೆದು, ಅಷ್ಟಕ್ಕೇ ಮಣಿಯುತ್ತದೆ. ಇದರಾಚೆಗೆ ಏನೂ ಮಾಡಬೇಡಿ. ಮರಳುಕಾಗದ, ಉಗುರು ಉಜ್ಜುವ ಪಟ್ಟಿ ಇವುಗಳ ಮೇಲೆ ನಿಬ್ಬು ತಿಕ್ಕಿ ನಯ ಮಾಡುವುದನ್ನು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ತಿಕ್ಕಿ ಹೋದದ್ದು ಮರಳಿ ಬರುವುದಿಲ್ಲ. ತುದಿಯ ಗಟ್ಟಿ ಲೋಹದ ಬಿಂದು ನಿಮ್ಮ ಅಜ್ಜ ವರ್ಷಗಟ್ಟಲೆ ಬರೆದ ಕೋನಕ್ಕೆ ಸವೆದಿದೆ. ಮಸೂರದಲ್ಲಿ ಆ ಚಪ್ಪಟೆ ಕಾಣುತ್ತದೆ. ಪೆನ್ನನ್ನು ಬೆರಳುಗಳ ನಡುವೆ ಸ್ವಲ್ಪಸ್ವಲ್ಪ ತಿರುಗಿಸುತ್ತ ಬರೆಯಿರಿ. ಒಂದು ಕೋನದಲ್ಲಿ ಕೆರೆತ ನಿಂತು ಸಲೀಸಾಗಿ ಓಡುತ್ತದೆ. ಅವರು ಹಿಡಿಯುತ್ತಿದ್ದುದು ಹಾಗೆ. ಅದನ್ನು ಉಜ್ಜಿ ಅಳಿಸಲು ನನಗಂತೂ ಮನಸ್ಸು ಬಾರದು.

ಹೊಳಪಿನ ಬಗ್ಗೆ ಕೇಳಿದ್ದೀರಿ. ಒದ್ದೆ ಹತ್ತಿಬಟ್ಟೆ, ಆಮೇಲೆ ಒಣಬಟ್ಟೆ, ಅಷ್ಟು ಸಾಕು. ಹುಣಸೆಹಣ್ಣು, ಹಿತ್ತಾಳೆ ಉಜ್ಜುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಶೇಫರ್‌ನ ಕ್ಲಿಪ್ಪಿನ ಮೇಲಿರುವುದು ಚಿನ್ನದ ತೆಳು ಪದರ, ಉಜ್ಜಿದರೆ ಕೆಳಗಿನ ಲೋಹ ಕಾಣುತ್ತದೆ. ಎಬೊನೈಟಿನ ಕಂದು ಬಣ್ಣ ಬೆಳಕಿಗೆ, ತೇವಕ್ಕೆ ಬಂದದ್ದು. ಅದನ್ನು ಕಪ್ಪು ಮಾಡಬೇಕೆಂದರೆ ಮೇಲಿನ ಪದರವನ್ನೇ ಹೆರೆಯಬೇಕು, ಹೆರೆದರೆ ಹೆಸರಿನ ಕುರುಹು ಉಳಿದಿದ್ದರೂ ಹೋಗುತ್ತದೆ. ಓರೆ ಬೆಳಕಿನಲ್ಲಿ ಬ್ಯಾರಲ್ಲನ್ನು ತಿರುಗಿಸಿ ನೋಡಿ. ಅಳಿಸಿದೆ ಎಂದುಕೊಂಡ ಅಕ್ಷರ ಎಷ್ಟೋ ಸಲ ಹಾಗೆ ಕಾಣಿಸಿಕೊಳ್ಳುತ್ತದೆ.

ಟ್ರಂಕಿನಲ್ಲಿ ನುಸಿಗುಳಿಗೆ ಇದ್ದರೆ ಪೆನ್ನುಗಳನ್ನು ಇವತ್ತೇ ಹೊರಗಿಡಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಸೆಲ್ಯುಲಾಯ್ಡ್ ಪೆನ್ನನ್ನು ಬಿಗಿಮುಚ್ಚಳದ ಡಬ್ಬಿಯಲ್ಲೂ ಇಡಬೇಡಿ, ಬಿಸಿಲಲ್ಲೂ ಇಡಬೇಡಿ. ಮಸಿ ಯಾವುದು ಎಂದರೆ, ಸಾಧಾರಣ ರಾಯಲ್ ಬ್ಲೂ. ಚಿತ್ರ ಬರೆಯುವ ಇಂಡಿಯನ್ ಇಂಕ್ ಮಾತ್ರ ತುಂಬಲೇಬೇಡಿ, ಅದು ಒಣಗಿದರೆ ನೀರಿಗೂ ಬಿಡದು, ಅಮೋನಿಯಾಕ್ಕೂ ಬಿಡದು. ಹದಿನೈದು ದಿನ ಬರೆಯುವುದಿಲ್ಲ ಎಂದಾದರೆ ತೊಳೆದು ಒಣಗಿಸಿಡಿ.

ರಿಪೇರಿಗೆ ಕೊಡುವುದಾದರೆ ಮೊದಲು ನಿಬ್ಬನ್ನು ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಅದರ ಮೇಲಿನ ಅಕ್ಷರಗಳು ಓದಲು ಬರುವಂತೆ. ಚಿನ್ನದ ನಿಬ್ಬು ಹೋಗಿ ಬೇರೆ ನಿಬ್ಬು ಕೂತು ಬಂದದ್ದನ್ನು ಕಂಡಿದ್ದೇನೆ. ಚೀಲ ಯಾವುದರಿಂದ ಅಂಟಿಸುತ್ತೀರಿ ಎಂದು ಕೇಳಿ. ಅರಗು ಅಥವಾ ಶೆಲ್ಯಾಕ್ ಎಂದರೆ ಮುಂದಿನ ಮಾತು, ಬೇರೆ ಏನೇ ಹೇಳಿದರೂ ಪೆನ್ನು ವಾಪಸ್ ತನ್ನಿ. ಪಾಲಿಶ್ ಚಕ್ರಕ್ಕೆ ಹಿಡಿಯಬಾರದು, ಪಾರ್ಕರ್‌ನ ಚೀಲ ಬದಲಿಸಬಾರದು ಎಂದು ಚೀಟಿಯಲ್ಲಿ ಬರೆದೇ ಕೊಡಿ. ಶೇಫರ್ ಕೊಡುವುದೇ ಸರಿ. ಪಾರ್ಕರನ್ನು ಇವತ್ತು ಸಂಜೆಯೇ ಲೋಟಕ್ಕೆ ಇಳಿಸಿ. ಎರಡು ವಾರ ಕಳೆದ ಮೇಲೆ ಒತ್ತಿದಾಗ ಗುಳ್ಳೆ ಬರುತ್ತಿದೆಯೇ ಇಲ್ಲವೇ ಎಂದು ಬರೆದು ತಿಳಿಸಿ, ಅದನ್ನು ನೋಡಿಕೊಂಡು ಮುಂದಿನದನ್ನು ಹೇಳುತ್ತೇನೆ.